ಹಾಡಿಗೆ ಮುಂಚೆ ಬರುವ ಸದ್ದು

ನಮ್ಮ ಮನೆಯ ಸ್ಪೀಕರ್‌ಗಳಲ್ಲಿ ಹಾಡಿಗೆ ಮುಂಚೆ ಒಂದು ಸದ್ದು ಬರುತ್ತದೆ. ಸ್ವಿಚ್ ಹಾಕಿದ ಕೂಡಲೇ ಮೊದಲು ಸಣ್ಣದೊಂದು ‘ಟಪ್’, ಆಮೇಲೆ ನೀಲಿ ದೀಪ, ಅದರ ಹಿಂದೆಯೇ ಎಡೆಬಿಡದ ‘ಸ್ಸ್‌’ ಎನ್ನುವ ಸುಯ್ಯಲು. ಹಾಡು ಹಾಕದಿದ್ದರೂ ಅದು ಬರುತ್ತದೆ, ಹಾಡು ಮುಗಿದ ಮೇಲೂ ಉಳಿಯುತ್ತದೆ. ಹಾಡು ಜೋರಾಗಿದ್ದಾಗ ಮಾತ್ರ ಕೇಳುವುದಿಲ್ಲ. ಆಗ ಅದು ಇರುವುದೇ ಇಲ್ಲವೋ, ಇದ್ದೂ ನಮಗೆ ಕೇಳುವುದಿಲ್ಲವೋ ಎಂದು ಒಂದು ಕಾಲದಲ್ಲಿ ಬಹಳ ತಲೆ ಕೆಡಿಸಿಕೊಂಡಿದ್ದೆ. ಈಗ ಇಲ್ಲ.

ಅವು ಮನೆಗೆಂದು ಮಾಡಿದ ಸ್ಪೀಕರ್‌ಗಳಲ್ಲ. ಅಕ್ಕನ ಗಂಡ, ನನ್ನ ಭಾವ, ಚನ್ನಪಟ್ಟಣದಲ್ಲಿ ಶಾಮಿಯಾನ ಮತ್ತು ಸೌಂಡ್ ಸರ್ವೀಸ್ ಇಟ್ಟುಕೊಂಡಿದ್ದಾರೆ. ಮದುವೆ, ಗೃಹಪ್ರವೇಶ, ತಿಥಿ, ಶಾಲೆಯ ವಾರ್ಷಿಕೋತ್ಸವ ಎಲ್ಲಕ್ಕೂ ಅವರ ಟೆಂಪೋ ಹೋಗುತ್ತದೆ. ಒಳ್ಳೆಯ ಲಗ್ನದ ದಿನಗಳಲ್ಲಿ ಕನಕಪುರ, ಮಾಗಡಿಗಳ ತನಕವೂ. ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇರುವ, ಕಂಬದ ಮೇಲೆ ನಿಲ್ಲಿಸುವ ಎರಡು ಕಪ್ಪು ಪೆಟ್ಟಿಗೆಗಳು ಅವರ ಬಳಿ ಬಹಳ ವರ್ಷ ದುಡಿದವು. ಅವಕ್ಕಿಂತ ದೊಡ್ಡವು ಬಂದ ಮೇಲೆ ಇವೆರಡನ್ನೂ ನಮ್ಮ ಮನೆಯ ಹಾಲಿನಲ್ಲಿ ತಂದಿಳಿಸಿದರು. ಒಂದರ ಮೂಲೆಯಲ್ಲಿ ಅರಿಶಿನದ ಕಲೆ ಇತ್ತು. ಮುಂದಿನ ಜಾಲರಿಯಲ್ಲಿ ಅಕ್ಷತೆಯ ಕಾಳೊಂದು ಸಿಕ್ಕಿಕೊಂಡಿತ್ತು. ಅದನ್ನು ಹೇರ್‌ಪಿನ್ನಿನಿಂದ ತೆಗೆದದ್ದು ನಾನು ಎಂದು ನನ್ನ ನೆನಪು. ಅಕ್ಕ ಅದನ್ನು ತೆಗೆದದ್ದು ತಾನು ಎನ್ನುತ್ತಾಳೆ, ಹೇರ್‌ಪಿನ್ ಕೂಡ ತನ್ನದೇ ಅಂತೆ. ಇಷ್ಟು ಹತ್ತಿರದ, ಇಷ್ಟು ಸಣ್ಣ ವಿಷಯದಲ್ಲೇ ಹೀಗಾದರೆ ಉಳಿದದ್ದನ್ನು ಎಷ್ಟು ನಂಬಬೇಕು ಎಂಬ ಅನುಮಾನ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಸ್ಪೀಕರ್‌ಗಳು ಬಂದದ್ದು ನನಗಾಗಿ ಅಲ್ಲ, ಅವ್ವನಿಗಾಗಿ.

ಅವ್ವ ನನ್ನ ಜೊತೆ ಇದ್ದಾಳೆ. ಹೊಂಗನೂರಿನ ಕಡೆ ನಮ್ಮ ಊರು. ಅಲ್ಲಿನ ಜಮೀನು, ರೇಷ್ಮೆ ಎಲ್ಲವನ್ನೂ ಈಗ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ನಾನು ಚನ್ನಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಬೆಳಗಿನ ರೈಲು ಹಿಡಿದು ಬಿಡದಿಗೆ ಹೋಗುತ್ತೇನೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೇರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಓದಿದ್ದು ಎಂ.ಎ., ಮಾಡುವುದು ಯಂತ್ರದ ಸದ್ದಿನ ಮೇಲೆ ದನಿಯೆತ್ತಿ ಮಾತಾಡುವ ಕೆಲಸ. ಅವ್ವನ ಕಿವಿ ಮಂದವಾಗುತ್ತಿದ್ದದ್ದು ನನಗೆ ತಡವಾಗಿ ತಿಳಿಯಲು ಇದೂ ಒಂದು ಕಾರಣವಿರಬಹುದು. ಮನೆಗೆ ಬಂದ ಮೇಲೂ ನನ್ನ ಗಂಟಲು ಕಾರ್ಖಾನೆಯಲ್ಲೇ ಇರುತ್ತಿತ್ತು.

ಅವ್ವ ಮಾತಿನವಳು. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ನಾಲ್ಕು ಹೆಂಗಸರು ಪಕ್ಕದ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಅಲ್ಲಿ ಅವ್ವನದೇ ಮೇಲುಗೈ ಇತ್ತು. ನಿಧಾನಕ್ಕೆ ಅಲ್ಲಿಗೆ ಹೋಗುವುದನ್ನು ಬಿಟ್ಟಳು. ಮಂಡಿ ನೋವು ಎಂದಳು, ನಂಬಿದೆ. ಆಮೇಲೆ ಬಿಸಿಲು ಎಂದಳು, ಅದನ್ನೂ ನಂಬಿದೆ. ಪಕ್ಕದ ಮನೆಯಾಕೆ ಒಂದು ದಿನ ನನ್ನನ್ನು ಬದಿಗೆ ಕರೆದು, ನಿಮ್ಮವ್ವ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಾರೆ, ಸಾರು ಏನು ಅಂದರೆ ಬಸ್ಸು ಬಂತು ಅನ್ನುತ್ತಾರೆ, ಅಲ್ಲಿಗೆ ಬರುವ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಾರೆ ಎಂದಾಗ ಗೊತ್ತಾಯಿತು. ಅವ್ವನಿಗೂ ಅದು ಗೊತ್ತಿತ್ತು. ಅದಕ್ಕೇ ಮಂಡಿ, ಅದಕ್ಕೇ ಬಿಸಿಲು. ಸಂಜೆ ನಾನು ಬಂದರೆ ಊಟಕ್ಕಿಟ್ಟು ಒಳಗೆ ಹೋಗಿ ಮಲಗಿಬಿಡುತ್ತಿದ್ದಳು. ಹೀಗೇ ಬಿಟ್ಟರೆ ಅವಳು ಮಾತಿನಿಂದ ಪೂರ್ತಿ ಹೊರಗೆ ಹೋಗಿಬಿಡುತ್ತಾಳೆ ಎಂಬ ಭಯ ನನಗೆ ಹಿಡಿದದ್ದು ಆಗ.

ಕಿವಿ ಕೇಳದಿದ್ದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಉತ್ತರ ಒಂದೇ: ಸದ್ದು ಜಾಸ್ತಿ ಮಾಡಬೇಕು. ನಾವೆಲ್ಲ ಕೂಗತೊಡಗಿದೆವು. ಭಾವ ತಮ್ಮ ವೃತ್ತಿಗೆ ತಕ್ಕಂತೆ ಕೂಗಿದರು, ಅಂದರೆ ಸ್ಪೀಕರ್ ತಂದರು.

“ಇಡೀ ಕಲ್ಯಾಣ ಮಂಟಪಕ್ಕೇ ಕೇಳಿಸ್ತಿತ್ತು ಇವು. ಅತ್ತೆ ಒಬ್ರಿಗೆ ಕೇಳಕಿಲ್ವಾ?” ಎಂದರು.

ಟಿ.ವಿ.ಯ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವ್ವನನ್ನು ಕೂರಿಸಿದರು. ಆರತಕ್ಷತೆಗೆ ಕೂರಿಸಿದ ಹಾಗಿತ್ತು. ಹಳೆಯ ಸಿನಿಮಾ ಹಾಡು ಶುರುವಾಯಿತು. ಶೋಕೇಸಿನ ಗಾಜು ಅದುರಿತು. ಎದುರು ಮನೆಯವರು ಬಂದು, ಏನು ವಿಶೇಷ, ನಮಗೆ ಹೇಳಲೇ ಇಲ್ಲವಲ್ಲ ಎಂದು ಕೇಳಿದರು. ಅವ್ವ ಒಂದು ಹಾಡು ಪೂರ್ತಿ ಕೂತಿದ್ದು ಎದ್ದು ನನ್ನ ಕಡೆ ತಿರುಗಿ ಹೇಳಿದಳು: “ಕೂಗ್ತದೆ ಕಣವ್ವ. ಏನಂತದೆ ಅಂತ ಮಾತ್ರ ತಿಳಿಯಾಕಿಲ್ಲ.”

ಆ ಮಾತಿನಲ್ಲೇ ಎಲ್ಲ ಇತ್ತು ಎಂದು ಈಗ ಅನ್ನಿಸುತ್ತದೆ. ಆವತ್ತು ನಾವೆಲ್ಲ ನಕ್ಕಿದ್ದೆವು.

ಹೀಗೆ ಆ ಸ್ಪೀಕರ್‌ಗಳು ನನ್ನ ಪಾಲಿಗೆ ಬಂದವು. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು, ಮೆಲ್ಲಗೆ ವೀಣೆಯನ್ನೋ ಕೊಳಲನ್ನೋ ಹಾಕಿಕೊಂಡು ಕೂರುವುದು ನನ್ನ ಆಸೆ. ದೊಡ್ಡ ಪೆಟ್ಟಿಗೆಗಳು, ಒಳ್ಳೆಯ ನಾದ, ಅದರಲ್ಲಿ ಮೋಸವಿಲ್ಲ. ಆದರೆ ವೀಣೆ ಎರಡು ಮೀಟಿನ ನಡುವೆ ಸುಮ್ಮನಾದಾಗಲೆಲ್ಲ ಹಿಂದಿನಿಂದ ‘ಸ್ಸ್‌’ ಎಂದು ಅದು ಎದ್ದು ಬರುತ್ತಿತ್ತು. ಸಂಗೀತದಲ್ಲಿ ನನಗೆ ಬೇಕಿದ್ದ ಮೌನವನ್ನೆಲ್ಲ ಅದು ತುಂಬಿಬಿಡುತ್ತಿತ್ತು. ಇಂಟರ್ನೆಟ್ಟಿನಲ್ಲಿ ಓದಿದೆ. ಮೊಬೈಲಿನ ಸದ್ದು ಪೂರ್ತಿ ಏರಿಸಿ, ಸ್ಪೀಕರಿನ ಹಿಂದಿನ ಸದ್ದಿನ ತಿರುಪನ್ನು ಇಳಿಸಿ ನೋಡಿದೆ, ಕಡಿಮೆಯಾಯಿತು, ಹೋಗಲಿಲ್ಲ. ಗೋಡೆಯ ಬೇರೆ ಪ್ಲಗ್ಗಿಗೆ ಹಾಕಿದೆ. ಫ್ರಿಜ್ ಆರಿಸಿದೆ, ಹಾಲು ಕೆಟ್ಟಿತು. ಪೆಟ್ಟಿಗೆಯ ಮೇಲ್ಭಾಗದಲ್ಲಿ, ತೆಳ್ಳನೆಯ ಸದ್ದು ಬರುವ ಹಾರ್ನಿನ ಬಾಯಿಗೆ ಟವೆಲ್ ಹೊದಿಸಿದೆ. ಸುಯ್ಯಲಿನ ಜೊತೆ ವೀಣೆಯೂ ಮಂಕಾಯಿತು.

ಭಾವನಿಗೆ ಫೋನ್ ಮಾಡಿ ದೂರಿದೆ. ಅವರು ಕನಕಪುರದ ಒಂದು ಮದುವೆ ಮನೆಯಲ್ಲಿದ್ದರು, ಹಿಂದೆ ಓಲಗ ಕೇಳುತ್ತಿತ್ತು. “ಅಲ್ಲ ಕಣಮ್ಮ, ಅದು ಸಾವ್ರ ಜನಕ್ಕೆ ಅಂತ ಮಾಡಿರದು. ನೀನೊಬ್ಳೇ ಮುಂದೆ ಕಿವಿ ಇಟ್ಕಂಡು ಕುಂತ್ರೆ ಅದ್ರ ಉಸ್ರೂ ಕೇಳ್ತದೆ. ಉಸ್ರು ಕೇಳಿದ್ರೆ ಒಳ್ಳೇದಲ್ವಾ, ಬದುಕೈತೆ ಅಂತ?” ಎಂದರು. ಅವರ ಮದುವೆ ಮನೆಗಳಲ್ಲಿ ಇಷ್ಟು ವರ್ಷ ಯಾರೊಬ್ಬರೂ ಆ ಸದ್ದನ್ನು ಕೇಳಿರಲಿಲ್ಲವಂತೆ. ಕೇಳಲು ಅಲ್ಲಿ ಸುಮ್ಮನಿದ್ದವರು ಯಾರು?

ಬೇಸರದಿಂದ ಅದನ್ನು ಕೇಳುತ್ತ ಕೇಳುತ್ತ ಒಂದು ಬೆಳಿಗ್ಗೆ ನನಗೆ ಅದು ಗುರುತಿನ ಸದ್ದು ಅನ್ನಿಸಿತು. ಹುಳ ಮೇಯುವ ಸದ್ದು. ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತು ಪೊರೆ ಕಳಚುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎಂದು. ನಾಲ್ಕನೆಯ ಜ್ವರ ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಹಿಪ್ಪುನೇರಳೆ ಸೊಪ್ಪು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಹುಳದ ಮನೆಯ ತುಂಬ ಒಂದೇ ಸಮ ಸರಸರ ಸದ್ದು. ಆ ಸದ್ದಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಮಲಗಿ ನಿದ್ದೆಹೋಗುತ್ತಿದ್ದ ನನ್ನ ಬಾಲ್ಯವನ್ನು ಅವತ್ತು ದಿನಚರಿಯಲ್ಲಿ ಬರೆದೆ. ಬರೆದದ್ದು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಅನುಮಾನ ಬಂತು. ಅದು ನಿಜಕ್ಕೂ ನನ್ನ ಕಿವಿಯ ನೆನಪೇ, ಅಥವಾ ಊರಿನವರು ಹೇಳಿ ಹೇಳಿ ನನ್ನದಾಗಿಬಿಟ್ಟದ್ದೇ?

ಅವ್ವನನ್ನು ಕೇಳಿದೆ. ಕೇಳಿದೆ ಎಂದರೆ, ಎದುರಿಗೆ ನಿಂತು, ಕೈ ಆಡಿಸಿ, ಮೂರು ಸಲ ಕೂಗಿದೆ. ಅರ್ಥವಾದ ಮೇಲೆ ಅವಳು ಒಂದೇ ಮಾತಿಗೆ ನನ್ನ ಬಾಲ್ಯವನ್ನು ಒರೆಸಿಹಾಕಿದಳು: “ನಿಂಗೆಲ್ಲಿ ಗೊತ್ತು ಅದು? ಹುಳ ನಾಕ್ನೇ ಜ್ವರ ಎದ್ದೇಟ್ಗೆ ನಿನ್ನ ಅಜ್ಜಿ ಮನೆಗೆ ಕಳಿಸ್ಬುಡ್ತಿದ್ವಿ. ಆ ವಾಸ್ನೆಗೆ ಕೆಮ್ಮಿ ಕೆಮ್ಮಿ ಪ್ರಾಣ ಬುಡ್ತಿದ್ದೆ.”

ಅಜ್ಜಿ ಮನೆ ಮಾಗಡಿ ಕಡೆ. ಅಲ್ಲಿ ಕುರಿ ಇದ್ದವು, ಹುಳು ಇರಲಿಲ್ಲ. ಅಲ್ಲಿ ಕಳೆದ ದಿನಗಳು ನನಗೆ ಚೆನ್ನಾಗಿಯೇ ನೆನಪಿವೆ, ಆದರೆ ಅವು ಬೇಸಿಗೆ ರಜೆಯವು ಎಂದುಕೊಂಡಿದ್ದೆ. ದಿನಚರಿಯ ಆ ಪುಟವನ್ನು ಹರಿಯಲಿಲ್ಲ. ಕೆಳಗೆ ‘ಅವ್ವ ಇಲ್ಲ ಎನ್ನುತ್ತಾಳೆ’ ಎಂದಷ್ಟೇ ಸೇರಿಸಿದೆ.

ರಾಮನಗರದಲ್ಲಿ ಕಿವಿ ಪರೀಕ್ಷೆ ಮಾಡುವವರ ಬಳಿ ಅವ್ವನನ್ನು ಕರೆದುಕೊಂಡು ಹೋದದ್ದು ಅದಾದ ಮೇಲೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಗಾಜಿನ ಕೋಣೆಯಲ್ಲಿ ಅವ್ವನನ್ನು ಕೂರಿಸಿ, ಸದ್ದು ಕೇಳಿದಾಗೆಲ್ಲ ಕೈ ಎತ್ತಲು ಹೇಳಿದಳು. ಕಾಗದದ ಮೇಲೆ ಬಂದ ಗೆರೆ, ಅಲ್ಲಿಂದ ಕಿಟಕಿಯಲ್ಲಿ ಕಾಣುತ್ತಿದ್ದ ಬಂಡೆಯ ಹಾಗೆ ಒಂದಷ್ಟು ದೂರ ಸಮನಾಗಿ ಹೋಗಿ ಇದ್ದಕ್ಕಿದ್ದಂತೆ ಜಾರಿತ್ತು. ದಪ್ಪ ಸದ್ದುಗಳೆಲ್ಲ ಅವ್ವನಿಗೆ ಕೇಳುತ್ತಿವೆ, ತೆಳ್ಳನೆಯ ಸದ್ದುಗಳು ಹೋಗಿವೆ. ಯಾರೋ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನು ಎಂಬುದು ಗೊತ್ತಾಗುವುದಿಲ್ಲ. ಕೂಗಿದರೆ ಕೇಳುವುದೇ ಇನ್ನಷ್ಟು ಜೋರಾಗುತ್ತದೆ, ಕೇಳದ್ದು ಕೇಳದೆಯೇ ಉಳಿಯುತ್ತದೆ ಎಂದು ವಿವರಿಸಿದಳು. ಕೂಗುತ್ತದೆ, ಏನೆನ್ನುತ್ತದೆ ಅಂತ ತಿಳಿಯುವುದಿಲ್ಲ. ಅವ್ವ ಇದನ್ನು ಮೊದಲೇ ಹೇಳಿದ್ದಳಲ್ಲ.

ಅವರೆಕಾಯಿಯ ಹಾಗೆ ಬಾಗಿದ, ಕಿವಿಯ ಹಿಂದೆ ಕೂರುವ ಯಂತ್ರವೊಂದನ್ನು ಕೊಟ್ಟಳು. ಕೆಲವು ವಾರ ಹಾಕಿ ನೋಡಲಿ, ಒಗ್ಗಿದರೆ ಇಟ್ಟುಕೊಳ್ಳಿ, ಒಗ್ಗದಿದ್ದರೆ ಹಿಂದಕ್ಕೆ ತನ್ನಿ. ಒಗ್ಗಿಸಿಕೊಳ್ಳುವುದು ಸುಲಭವಲ್ಲ, ಬಹಳ ಕಾಲ ಸುಮ್ಮನಿದ್ದ ಕಿವಿಗೆ ಎಲ್ಲವೂ ಗಲಾಟೆ ಅನ್ನಿಸುತ್ತದೆ ಎಂದು ಎಚ್ಚರಿಸಿದಳು.

ಅನ್ನಿಸಿತು. ಸ್ಟೀಲ್ ತಟ್ಟೆ, ಕುಕ್ಕರಿನ ಸೀಟಿ, ತನ್ನದೇ ಬಳೆ, ತಾನೇ ಹಪ್ಪಳ ಅಗಿಯುವುದು, ಯಾವುದನ್ನೂ ಅವ್ವ ತಡೆಯಲಿಲ್ಲ. “ತಲೆ ಒಳಗೆ ಯಾರೋ ಪಾತ್ರೆ ತೊಳೀತಾವ್ರೆ” ಎಂದು ಅದನ್ನು ತೆಗೆದು ಎಲೆಅಡಿಕೆ ಡಬ್ಬಿಯಲ್ಲಿ ಹಾಕಿದಳು. ನಾನು ಹೇಳಿದಾಗ ಹಾಕಿಕೊಳ್ಳುವಳು, ನಾನು ರೈಲಿಗೆ ಹೊರಟ ಕೂಡಲೇ ಡಬ್ಬಿಗೆ. ನಾನು ಬೈದೆ. ಆಮೇಲೆ ಗೋಗರೆದೆ. ಅವಳು ಜಗಲಿಗೆ ಹೋಗಲಿಲ್ಲ. ಹಿಂದಿರುಗಿಸುವ ದಿನ ಹತ್ತಿರವಾಗುತ್ತಿತ್ತು, ಅವ್ವ ಆ ದಿನಕ್ಕೇ ಕಾಯುತ್ತಿರುವಂತೆ ಕಾಣುತ್ತಿತ್ತು.

ಆ ವಾರದ ಭಾನುವಾರ ಭಾವ ಬಂದರು, ಅಕ್ಕನೂ ಬಂದಳು. ನನ್ನ ದೂರು ಕೇಳಿ ಕೇಳಿ ಸಾಕಾಗಿ, ಹೊಸ ಕೇಬಲ್ ತಂದಿದ್ದೇನೆ, ಇವತ್ತು ಆ ಉಸಿರನ್ನು ನಿಲ್ಲಿಸಿಯೇ ಹೋಗುತ್ತೇನೆ ಎಂದರು ಭಾವ. ಅಕ್ಕ ಒಳಗೆ ಹೋಗಿ, ಇವರಿರುವಾಗ ನಿನ್ನ ಹತ್ತಿರ ಕಿರುಚಿಕೊಳ್ಳಲು ನನ್ನಿಂದಾಗದು ಎಂದು ಅವ್ವನ ಕಿವಿಗೆ ಯಂತ್ರ ಸಿಕ್ಕಿಸಿದಳು. ಅಳಿಯನ ಮರ್ಯಾದೆಯ ವಿಷಯವಾದ್ದರಿಂದ ಅವ್ವ ಒಪ್ಪಿದಳು.

ಅಳಿಯನ ವಿಷಯದಲ್ಲಿ ಅವ್ವನ ರೀತಿಯನ್ನು ಇಲ್ಲಿ ಹೇಳಬೇಕು. ಅಕ್ಕನ ಮದುವೆಯಾಗಿ ಇಷ್ಟು ವರ್ಷವಾದರೂ ಅವ್ವ ಭಾವನ ಜೊತೆ ನೇರವಾಗಿ ಮಾತಾಡಿದವಳಲ್ಲ. ಅವರು ಬಂದರೆ ಸೆರಗನ್ನು ಹೆಗಲ ಮೇಲೆ ಹೊದ್ದು ಅಡುಗೆಮನೆಯ ಪರದೆಯ ಹಿಂದೆ ಸೇರುವಳು. ಅವರು ನೀರು ಕೇಳಿದರೆ, “ಅವ್ರಿಗೆ ನೀರು ಕೊಡು” ಎಂದು ಅಕ್ಕನಿಗೆ ಹೇಳುವಳು. ಸ್ಪೀಕರ್ ಮುಂದೆ ಕೂತ ದಿನವೂ ಅಷ್ಟೇ. ಮಾತು ನನಗೆ, ಮುಖವೂ ನನ್ನ ಕಡೆಗೇ. ಜಗಳವೇನಿಲ್ಲ, ಅದು ಅವಳು ಕಲಿತ ಗೌರವ. ಭಾವನಿಗೂ ಅದು ಹಾಗೇ ಸರಿ.

ಭಾವ ಹಳೆಯ ಕೇಬಲ್ ಕಿತ್ತರು. ಏನೂ ಜೋಡಿಸದ ಬರಿ ಸ್ಪೀಕರ್ ಸುಯ್ಯೆನ್ನುತ್ತಲೇ ಇತ್ತು. ಹಾರ್ನಿನ ಬಾಯಿಗೆ ಕಿವಿ ಇಟ್ಟು, ಇದು ತಂತಿಯದಲ್ಲ, ಒಳಗಿನದೇ ಎಂದರು. ಇನ್ನೂ ಚೆನ್ನಾಗಿ ಕೇಳಲೆಂದು ಹಿಂದಿನ ತಿರುಪನ್ನು ಪೂರ್ತಿ ಏರಿಸಿದರು. ನಾನು ಅದಕ್ಕೆ ಎಂದೂ ಅಷ್ಟು ಅವಕಾಶ ಕೊಟ್ಟಿರಲಿಲ್ಲ. ಸದ್ದು ಹಾಲಿನ ತುಂಬ ಹರಡಿತು.

ಪರದೆ ಸರಿಯಿತು. ಅವ್ವ ಹೊರಗೆ ಬಂದಳು. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ. ಮೊದಲು ಮಳೆಯೇನೋ ಎಂಬಂತೆ ಕಿಟಕಿಯ ಕಡೆ ನೋಡಿದಳು, ಹೊರಗೆ ಬಿಸಿಲಿತ್ತು. ಆಮೇಲೆ ನಮ್ಮ ಮೂವರನ್ನು ನೋಡಿದಳು.

“ಯಾರವ್ವ ಹುಳ ತಂದಿರದು?”

ಅಕ್ಕ ನನ್ನ ಮುಖ ನೋಡಿದಳು. ಭಾವನಿಗೆ ಏನೂ ಹೊಳೆಯಲಿಲ್ಲ. ತಂದ ಹೊಸ ಕೇಬಲನ್ನಾದರೂ ಹಾಕೋಣವೆಂದು ಸ್ವಿಚ್ ಆರಿಸಿದರು. ಸದ್ದು ನಿಂತಿತು. ಅವ್ವ ತಲೆ ವಾರೆ ಮಾಡಿ ಒಂದು ಗಳಿಗೆ ಕೇಳಿದಳು. “ಜ್ವರಕ್ಕೆ ಕುಂತ್ವು” ಎಂದಳು, ತನ್ನಷ್ಟಕ್ಕೆ.

ಭಾವ ಕೇಬಲ್ ಸಿಕ್ಕಿಸಿ ಮತ್ತೆ ಸ್ವಿಚ್ ಹಾಕಿದರು. ಟಪ್, ನೀಲಿ ದೀಪ, ಆ ಸದ್ದು.

“ಎದ್ವು.”

ಅವಳ ಮುಖದಲ್ಲಿ ನಗು ಏಳುತ್ತಿತ್ತು. ಮೊರವನ್ನು ದಿವಾನದ ಮೇಲಿಟ್ಟು ಎರಡು ಸ್ಪೀಕರ್‌ಗಳ ನಡುವೆ ನೆಲದ ಮೇಲೆ ಕೂತಳು. ಹುಳದ ಮನೆಯ ಬಾಗಿಲಲ್ಲಿ, ಸೊಪ್ಪು ಹಾಕಿದ ಮೇಲೆ, ಹಾಗೇ ಕೂರುತ್ತಿದ್ದಳು ಎಂದು ಅಕ್ಕ ಆಮೇಲೆ ಹೇಳಿದಳು. ಒಳಗೆ ಕಾಲಿಡುವ ಮೊದಲು ಕೇಳಿ ನೋಡುವುದು ಅವಳ ಪದ್ಧತಿಯಂತೆ. ಸದ್ದು ತೆಳುವಾದರೆ ಸೊಪ್ಪು ಮುಗಿಯಿತು ಎಂದು ಅರ್ಥ. ಭಾವ ಇನ್ನೂ ರಿಪೇರಿಯ ಗುಂಗಿನಲ್ಲೇ ಇದ್ದರು. ತಿರುಪು ಇಳಿಸಲು ಕೈ ಚಾಚಿದರು.

“ನೀವು ಒಸಿ ಸುಮ್ಕಿರಿ ಅಳಿಯಂದ್ರೇ,” ಎಂದಳು ಅವ್ವ. “ಅವು ಮೇಯ್ಲಿ.”

ಭಾವನ ಕೈ ಅಲ್ಲೇ ನಿಂತಿತು. ಅತ್ತೆ ತಮ್ಮನ್ನು ಮೊದಲ ಸಲ ಮಾತಾಡಿಸಿದ್ದಾರೆ, ಅದೂ ಗದರಿಸಿ. ಅವರು ತಿರುಪನ್ನು ಮುಟ್ಟದೆ ಹಿಂದೆ ಸರಿದು ದಿವಾನದ ಮೇಲೆ ಕೂತರು. ಕೂತದ್ದು ಮೊರದ ಮೇಲೆ. ಅಕ್ಕಿ ನೆಲದ ತುಂಬ ಹರಡಿತು, ಆ ಸದ್ದಿಗೂ ಅವ್ವ ತಿರುಗಿ ನೋಡಿದಳು.

ಅವಳು ಮೊದಲು ಹೇಳಿದ ಮಾತು ‘ಹುಳ ತಂದಿರದು’ ಎಂದಲ್ಲ, ‘ಸೊಪ್ಪು ಹಾಕಿರದು’ ಎಂದು ಅಕ್ಕನ ವಾದ. ಇರಬಹುದು. ‘ಅವು ಮೇಯ್ಲಿ’ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ, ಏಕೆಂದರೆ ಭಾವ ಅದನ್ನು ಅವತ್ತಿನಿಂದ ಎಲ್ಲ ಮದುವೆ ಮನೆಗಳಲ್ಲೂ ಹೇಳುತ್ತಿದ್ದಾರೆ. ಅವ್ವ ನಿಜವಾಗಿ ನಂಬಿದ್ದಳೇ ಎಂದು ಸಂಜೆ ಕೇಳಿದೆ. ಕೂಗದೆ ಕೇಳಿದೆ. “ನಂಗೇನ್ ತಲೆ ಕೆಟ್ಟೈತಾ? ಈಚೆಗೆ ಬಂದೇಟ್ಗೆ ಗೊತ್ತಾಯ್ತು, ಪೆಟ್ಟಿಗೆ ಅಂತ. ಒಳಗಿದ್ದಾಗ ಮಾತ್ರ ನಂಬಿದ್ದೆ” ಎಂದಳು. ಸ್ವಲ್ಪ ಬಿಟ್ಟು, ಆ ಸದ್ದು ನಿಂತುಹೋಗಿ ಎಷ್ಟು ವರ್ಷವಾಯಿತೋ, ಕೊನೆಕೊನೆಗೆ ನಮ್ಮ ಹುಳದ ಮನೆಯಲ್ಲೇ ಅದು ತನಗೆ ಕೇಳುತ್ತಿರಲಿಲ್ಲ, ಹುಳುಗಳದ್ದೇ ತಳಿ ಬದಲಾಗಿದೆ, ಈಗಿನವು ಸದ್ದು ಮಾಡುವುದಿಲ್ಲ ಎಂದು ತಾನು ಅಂದುಕೊಂಡಿದ್ದಾಗಿ ಹೇಳಿದಳು. ಕಿವಿ ಹೋಗಿದೆ ಎನ್ನುವುದಕ್ಕಿಂತ ಹುಳು ಬದಲಾಗಿವೆ ಎನ್ನುವುದು ಅವಳಿಗೆ ಸುಲಭವಾಗಿತ್ತು. ನಾನಾದರೂ ಬೇರೆ ಏನು ಮಾಡುತ್ತೇನೆ?

ಮಾರನೆಯ ದಿನ ಯಂತ್ರ ಡಬ್ಬಿಗೆ ಹೋಗಲಿಲ್ಲ. ಹೋಯಿತು, ಆದರೆ ಮಧ್ಯಾಹ್ನದ ಮೇಲೆ. ರಾಮನಗರದ ಆ ಹೆಣ್ಣುಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನಕ್ಕಳು. ಹಾಗಾದರೆ ಅಲ್ಲಿಂದಲೇ ಶುರು ಮಾಡಿ ಎಂದಳು. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಆ ಸದ್ದು, ಆಮೇಲೆ ಅದರ ಜೊತೆಗೇ ಮಾತು. ಬೇಕಿದ್ದರೆ ಅಂಥ ಒಂದೇ ಸಮನೆಯ ಸದ್ದನ್ನು ಯಂತ್ರವೇ ತಗ್ಗಿಸುವಂತೆ ಮಾಡಿಕೊಡುತ್ತೇನೆ ಎಂದೂ ಹೇಳಿದಳು. ಅವ್ವ ಬೇಡವೆಂದಳು. ಸಿಕ್ಕ ಒಂದನ್ನು ಯಾಕೆ ತೆಗೆಸಲಿ ಎಂಬುದು ಅವಳ ಲೆಕ್ಕ.

ಹೀಗೆ ನಮ್ಮ ಬೆಳಗು ಬದಲಾಯಿತು. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವ್ವ ತಾನೇ ಸ್ವಿಚ್ ಹಾಕಿಕೊಂಡು ಕೂತಿರುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ, ತುಟಿ ಕಾಣದಂತೆ ನಿಂತು ಪೇಪರ್ ಓದುತ್ತಿದ್ದೆ. ಮೊದಮೊದಲು ಅಲ್ಲೊಂದು ಇಲ್ಲೊಂದು ಪದ ಹಿಡಿದಳು. ರೇಷ್ಮೆ ಗೂಡಿನ ಮಾರುಕಟ್ಟೆಯ ಧಾರಣೆ ಓದಿದರೆ ಎಲ್ಲವೂ ಕೇಳುತ್ತಿತ್ತು, ರಾಜಕೀಯ ಓದಿದರೆ ಏನೂ ಕೇಳುತ್ತಿರಲಿಲ್ಲ. ಅದು ಕಿವಿಯದೋ ಮನಸ್ಸಿನದೋ ಗೊತ್ತಿಲ್ಲ. ಬಸ್ ನಿಲ್ದಾಣದಲ್ಲಿ ಇವತ್ತಿಗೂ ಯಂತ್ರವನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಕುಕ್ಕರಿಗೂ ಅವಳಿಗೂ ರಾಜಿಯಾಗಿಲ್ಲ. ಆದರೆ ಒಂದು ಸಂಜೆ ನಾನು ಬಂದಾಗ ಮನೆಗೆ ಬೀಗ ಹಾಕಿತ್ತು, ಪಕ್ಕದ ಜಗಲಿಯಿಂದ ಅವಳ ದನಿ ಕೇಳುತ್ತಿತ್ತು. ಬಾಯಿ ಮುಚ್ಚಿ ನಗುತ್ತಿದ್ದ ಹುಡುಗಿಯರಿಗೆ, ಇನ್ನು ಮೇಲೆ ನನ್ನ ವಿಷಯ ಮಾತಾಡುವುದಿದ್ದರೆ ಮುಂದಿನ ಬೀದಿಗೆ ಹೋಗಿ ಮಾತಾಡಿ ಎಂದು ಹೇಳುತ್ತಿದ್ದಳು. ನಾನು ಬೀಗದ ಕೈ ಕೇಳದೆ ಸ್ವಲ್ಪ ಹೊತ್ತು ಗೇಟಿನ ಹತ್ತಿರವೇ ನಿಂತಿದ್ದೆ.

ಹಿಂದಿರುಗಿಸುವ ದಿನ ರಾಮನಗರಕ್ಕೆ ಹೋದೆವು. ಯಂತ್ರದ ಖಾಲಿ ಪೆಟ್ಟಿಗೆ ನನ್ನ ಚೀಲದಲ್ಲಿತ್ತು, ಯಂತ್ರ ಅವ್ವನ ಕಿವಿಯಲ್ಲಿ. ಏನು ನಿರ್ಧಾರ ಮಾಡಿದಿರಿ ಎಂದು ಆ ಹೆಣ್ಣುಮಗಳು ಕೇಳಿದ್ದು ನನ್ನನ್ನು. ನಾನು ಅವ್ವನ ಕಡೆ ತಿರುಗಿದೆ. ಅವ್ವ ಸೆರಗು ಸರಿಮಾಡಿಕೊಂಡು, ಇದರ ಜೊತೆ ಇನ್ನೂ ಒಸಿ ದಿನ ಜಗಳ ಆಡಬೇಕು, ಬಿಟ್ಟುಹೋಗಲು ಆಗುವುದಿಲ್ಲ ಎಂದಳು.

ಅಲ್ಲಿಂದ ನೇರ ಮನೆಗೆ ಬರಲಿಲ್ಲ. ಚಿಕ್ಕಪ್ಪನ ಹುಳ ನಾಲ್ಕನೆಯ ಜ್ವರ ಎದ್ದಿದೆ ಎಂದು ತಿಳಿದಿತ್ತು. ಚನ್ನಪಟ್ಟಣದಲ್ಲಿ ಬಸ್ ಬದಲಿಸಿ ಊರಿಗೆ ಹೋದೆವು. ಹೋಗಬೇಕೆಂದವಳು ಅವ್ವ, ಆದರೆ ನನಗೂ ಒಂದು ಸ್ವಾರ್ಥವಿತ್ತು: ಸ್ಪೀಕರಿನ ಸದ್ದು ನಿಜವಾಗಿ ಹುಳದ ಸದ್ದೇ ಎಂದು ನೋಡಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು, ಹುಳಕ್ಕೆ ರೋಗ ತಗಲದಂತೆ ಬಾಗಿಲಲ್ಲಿ ಹರಡಿದ್ದ ಬಿಳಿ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದೆವು. ಚಿಕ್ಕಪ್ಪ ಆಗಷ್ಟೇ ಸೊಪ್ಪು ಹಾಕಿ ಮುಗಿಸಿದ್ದರು. ಮೂವರೂ ಸುಮ್ಮನೆ ನಿಂತೆವು. ಒಂದು ಮೂಲೆಯಿಂದ ಶುರುವಾಗಿ, ಅಟ್ಟಣೆಯಿಂದ ಅಟ್ಟಣೆಗೆ ಹಬ್ಬಿ, ಆ ಸದ್ದು ನಮ್ಮ ಸುತ್ತ ನಿಂತಿತು.

ಒಂದೇ ಅಲ್ಲ. ಹೋಲುತ್ತದೆ, ಆದರೆ ಒಂದೇ ಅಲ್ಲ. ಅವ್ವನೇ ಅದನ್ನು ಹೇಳಿದಳು: “ಪೆಟ್ಟಿಗೇದು ಒಂದೇ ಸಮ ಹೊಯ್ತದೆ. ಇವು ಹಂಗಲ್ಲ. ಉಸ್ರು ತಗಂಡು ತಗಂಡು ಮೇಯ್ತವೆ.” ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹುಳುಗಳ ತಳಿಯ ಬಗ್ಗೆ ಏನೂ ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

ನನಗೆ ಈ ಸದ್ದು ಬಾಲ್ಯದಲ್ಲಿ ಗೊತ್ತಿತ್ತೇ ಎಂದು ಒಳಗೆ ಹುಡುಕುತ್ತ ನಿಂತಿದ್ದೆ. ಇನ್ನೇನು ಹೌದು ಎನ್ನಬೇಕು, ಅಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಅವ್ವ ಕಣ್ಣು ತೆರೆದು, ನಾನು ಹೇಳಲಿಲ್ಲವೇ ಎನ್ನುವಂತೆ ನೋಡಿ ನನ್ನನ್ನು ಹೊರಗೆ ತಳ್ಳಿದಳು. ಕೆಮ್ಮು ಸೊಪ್ಪಿನ ಘಾಟಿಗೆ ಬಂತೋ, ಅವಳ ಮಾತು ಮನಸ್ಸಿನಲ್ಲಿದ್ದದ್ದಕ್ಕೆ ಬಂತೋ ಹೇಳಲಾರೆ. ದಿನಚರಿಯ ಆ ಪುಟಕ್ಕೆ ಇದನ್ನೂ ಸೇರಿಸಬೇಕು. ಹೊರಗಿನ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ, ಒಳಗೆ ಅವ್ವ ಚಿಕ್ಕಪ್ಪನ ಜೊತೆ ಸೊಪ್ಪಿನ ವಿಷಯಕ್ಕೆ ವಾದಕ್ಕಿಳಿದಿದ್ದು ಕೇಳಿಸುತ್ತಿತ್ತು. ಇಬ್ಬರೂ ಸಾಧಾರಣ ದನಿಯಲ್ಲೇ ಮಾತಾಡುತ್ತಿದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಜನ ಕಡಿಮೆ. ಅವ್ವ ಕಿಟಕಿಯ ಪಕ್ಕ, ಯಂತ್ರ ಇನ್ನೂ ಅವಳ ಕಿವಿಯಲ್ಲೇ, ನಾನು ಅವಳ ಪಕ್ಕ. ಕಂಡಕ್ಟರ್ ಹಿಂದಿನ ಸೀಟುಗಳನ್ನು ಮುಗಿಸಿಕೊಂಡು ಮುಂದಕ್ಕೆ ಬರುತ್ತಿದ್ದ. ನಮ್ಮ ಬೆನ್ನ ಹಿಂದಿನಿಂದಲೇ, ಎಲ್ಲಿಗೆ ಅಜ್ಜಿ, ಆಧಾರ್ ಕಾರ್ಡ್ ಇದೆಯಾ ಎಂದು ಕೇಳಿದ. ಇಂಥ ಕಡೆ ಅವ್ವನ ಪರವಾಗಿ ಉತ್ತರಿಸುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅವನ ಮಾತು ಮುಗಿಯುವ ಮೊದಲೇ ನನ್ನ ಬಾಯಿ ತೆರೆದಿತ್ತು.

“ಚನ್ನಪಟ್ಣಕ್ಕೆ ಕಣಪ್ಪ,” ಎಂದಳು ಅವ್ವ, ಅವನ ಕಡೆ ತಿರುಗದೆಯೇ, ಸೊಂಟದ ಚೀಲ ಬಿಚ್ಚುತ್ತ. “ಇವ್ಳೂ ನನ್ ಜೊತೇಗೇ.”

ನಾನು ಬಾಯಿ ಮುಚ್ಚಿಕೊಂಡು ನನ್ನ ಕಾರ್ಡು ಹುಡುಕತೊಡಗಿದೆ.